ಯುಜಿಡಿ (ಒಳಚರಂಡಿ) ಡ್ರಾಯಿಂಗ್ ಮೂರನೇ ಸಲ ವಾಪಸ್: ತಪ್ಪು ನಮ್ಮದಾ, ಅವರದಾ?

ಸೈಟ್_ಸೀನ | ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಡಿಪ್ಲೊಮಾ ಸಿವಿಲ್. ಚಿಕ್ಕ ಊರು, ಚಿಕ್ಕ ಆಫೀಸು. ಮನೆ ಪ್ಲಾನು, ಎಸ್ಟಿಮೇಟು ಅಂತ ಕಾಲ ತಳ್ಳುತ್ತಿದ್ದವನಿಗೆ ಈ ಸಲ ಒಂದು ಲೇಔಟ್ ಕೆಲಸ ಸಿಕ್ಕಿದೆ. 14 ಎಕರೆ, 212 ಸೈಟು, ಜಾಸ್ತಿ 30–40 ಅಳತೆಯವೇ. ರಸ್ತೆ, ಕರೆಂಟು, ನೀರಿನ ಲೈನು ಎಲ್ಲಕ್ಕೂ ಒಪ್ಪಿಗೆ ಬಂತು. ಯುಜಿಡಿ ಡ್ರಾಯಿಂಗ್ ಮಾತ್ರ ಹೋದಷ್ಟು ಸಲ ವಾಪಸ್ ಬರುತ್ತಿದೆ.

ಮೊದಲ ಹಿಂಬರಹ: "ಎಲ್-ಸೆಕ್ಷನ್ ಲಗತ್ತಿಸಿರುವುದಿಲ್ಲ." ಅಂದರೆ ಲೈನಿನ ಉದ್ದಕ್ಕೂ ನೆಲ, ಪೈಪಿನ ಲೆವೆಲ್ ತೋರಿಸುವ ನಕ್ಷೆ. ಸರಿ, ನನ್ನದೇ ತಪ್ಪು. ಲಗತ್ತಿಸಿದೆ. ಎರಡನೆಯದು: "ಜನಸಂಖ್ಯೆಯ ಲೆಕ್ಕ ಸಮರ್ಪಕವಾಗಿಲ್ಲ." ಸೈಟಿಗೆ 5 ಜನ ಹಿಡಿದಿದ್ದೆ, ಇದರಲ್ಲಿ ಏನು ತಪ್ಪು ಅಂತ ಅರ್ಥವಾಗಲಿಲ್ಲ. ಹೇಗೋ ವಿವರಣೆ ಬರೆದು ಕೊಟ್ಟೆ. ಈಗ ಮೂರನೆಯದು: "ಹಾಲಿ ಇರುವ ಮ್ಯಾನ್‌ಹೋಲ್‌ನ ಇನ್ವರ್ಟ್ ಲೆವೆಲ್ ಸ್ಥಳದಲ್ಲಿ ಖಚಿತಪಡಿಸಿಕೊಂಡು ಮರುಸಲ್ಲಿಸುವುದು."

ಇನ್ವರ್ಟ್ ಅಂದರೆ ಪೈಪಿನ ಒಳತಳ. ಇದನ್ನು ಮೊದಲ ಸಲವೇ ಹೇಳೋಕೆ ಏನಾಗಿತ್ತು? ಐದು ತಿಂಗಳು ಹೋಯಿತು. ಲೇಔಟ್ ಯಜಮಾನರು ದಿನಾ ಫೋನ್ ಮಾಡಿ "ಏನಯ್ಯಾ, ಕವರ್ ಏನಾದ್ರೂ ಕೊಡಬೇಕಾ ಕೇಳು" ಅನ್ನುತ್ತಾರೆ. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನಿಸೋಕೆ ಶುರುವಾಗಿದೆ. ಅನುಭವ ಇರೋರು ದಾರಿ ಹೇಳಿ.

ಗುಂಡಿ_ಗೌಡ | ಸೋಮವಾರ ರಾತ್ರಿ

ಕವರ್ ಕೊಟ್ಟರೆ ಸಹಿ ಬರಬಹುದು ತಮ್ಮಾ. ನೀರು ಹರಿಯಬೇಕಲ್ಲ? ಅದಕ್ಕೆ ಯಾರಿಗೆ ಕವರ್ ಕೊಡ್ತೀಯ?

ರಿಟೈರ್ಡ್_ಲೆವೆಲ್ | ಸೋಮವಾರ ರಾತ್ರಿ

ಸೀನ ಅವರೇ, ಲಂಚದ ಮಾತು ಪಕ್ಕಕ್ಕಿಡಿ. ಮೊದಲು ಮೂರು ಪ್ರಶ್ನೆ. ನಿಮ್ಮ ಕೊನೆಯ ಮ್ಯಾನ್‌ಹೋಲ್ ಊರಿನ ಯಾವ ಮ್ಯಾನ್‌ಹೋಲ್‌ಗೆ ಸೇರುತ್ತದೆ? ಅದರ ತಳದ ಲೆವೆಲ್ ಎಷ್ಟು? ಆ ಅಂಕಿ ನಿಮಗೆ ಸಿಕ್ಕಿದ್ದು ಎಲ್ಲಿಂದ?

ಸೈಟ್_ಸೀನ | ಸೋಮವಾರ ರಾತ್ರಿ

ಸರ್, ಒಪ್ಪಿಗೆ ಕೊಡುವ ಆಫೀಸಿನಲ್ಲಿ ಕೊಟ್ಟ ಹಳೇ ನಕ್ಷೆಯಿಂದ. ಅದರಲ್ಲಿ 300 ಮಿ.ಮೀ. ಲೈನು, ಮ್ಯಾನ್‌ಹೋಲ್ ಆಳ 2.40 ಮೀಟರ್ ಅಂತ ಇದೆ. ಮುಚ್ಚಳದ ಮೇಲೆ ಸ್ಟಾಫ್ (ಅಳತೆ ಗುರುತಿನ ಉದ್ದ ಕೋಲು) ನಿಲ್ಲಿಸಿ ನಾನೇ ಆಟೋಲೆವೆಲ್ (ಎತ್ತರ ಅಳೆಯುವ ಉಪಕರಣ) ಹಿಡಿದು ನೋಡಿದೆ, 98.60 ಬಂತು. ಹಾಗಾಗಿ ತಳ 96.20.

ನನ್ನ ಲೈನು ಹೀಗಿದೆ. ಮೇಲ್ಗಡೆ ಎಂಎಚ್-1ರಲ್ಲಿ (ನನ್ನ ಮೊದಲ ಮ್ಯಾನ್‌ಹೋಲ್) ನೆಲ 99.70, ಇನ್ವರ್ಟ್ 98.48. ಪೈಪು 200 ಮಿ.ಮೀ., ಇಳಿಜಾರು 200ಕ್ಕೆ 1, ಮ್ಯಾನ್‌ಹೋಲ್‌ಗಳ ಮಧ್ಯೆ 30 ಮೀಟರ್. ಎಂಎಚ್-15ಕ್ಕೆ ಬರುವಾಗ 96.38. ಅಲ್ಲಿಂದ ಊರಿನ ಮ್ಯಾನ್‌ಹೋಲ್‌ಗೆ ಇನ್ನೊಂದು 30 ಮೀಟರ್, ಅಲ್ಲಿ 96.23. ಅಂದರೆ ಅವರ ತಳಕ್ಕಿಂತ 3 ಸೆಂಟಿಮೀಟರ್ ಮೇಲೆ. ಲೆಕ್ಕ ಸರಿಯಾಗೇ ಇದೆ ಅಲ್ವಾ?

ರಿಟೈರ್ಡ್_ಲೆವೆಲ್ | ಸೋಮವಾರ ರಾತ್ರಿ

ಕೂಡುವುದು, ಕಳೆಯುವುದು ಸರಿ ಇದೆ. 2.40 ಸರಿ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ. ಪರಿಶೀಲನೆಗೆ ಕೂತವನಿಗೆ ಅನುಮಾನ ಬಂದಿರುವುದೂ ಅಲ್ಲೇ. ನಾನು ಅದೇ ಕುರ್ಚಿಯಲ್ಲಿ ಬಹಳ ವರ್ಷ ಕೂತವನು. ಎಲ್-ಸೆಕ್ಷನ್ ಕೈಗೆ ಬಂದರೆ ಎಡಗಡೆಯಿಂದ ಓದುತ್ತಿರಲಿಲ್ಲ. ಬಲಗಡೆ ಕೊನೆಯ ಮ್ಯಾನ್‌ಹೋಲ್‌ನಿಂದ ಹಿಂದಕ್ಕೆ ಓದುತ್ತಿದ್ದೆ. ಡ್ರಾಯಿಂಗ್ ಮಾಡುವವರು ಮೇಲಿನಿಂದ ಇಳಿಯುತ್ತಾ ಬಂದು ಕೊನೆಗೆ ಹೇಗೋ ಹೊಂದಿಸಿರುತ್ತಾರೆ. ನಮಗೆ ಬೇಕಾದದ್ದು ಆ "ಹೇಗೋ".

ಮೂರು ಸೆಂಟಿಮೀಟರ್ ಉಳಿಸಿಕೊಂಡು ತಂದು ಸೇರಿಸಿದ ಲೈನು ಕಂಡರೆ ನನಗೂ ಅನುಮಾನ ಬರುತ್ತಿತ್ತು.

ಮುಚ್ಚಳ ತೆಗೆದು ನೋಡಿದ್ದೀರಾ?

ಸೈಟ್_ಸೀನ | ಸೋಮವಾರ ರಾತ್ರಿ

ಇಲ್ಲ ಸರ್. ನಾಳೆ ಬೆಳಗ್ಗೆ ಒಬ್ಬ ಹುಡುಗನನ್ನು ಇಳಿಸಿ ಟೇಪ್ ಹಿಡಿಸುತ್ತೇನೆ.

ರಿಟೈರ್ಡ್_ಲೆವೆಲ್ | ಸೋಮವಾರ ರಾತ್ರಿ

ನಿಲ್ಲಿ. ಯಾರನ್ನೂ ಇಳಿಸಬೇಡಿ. ಒಂದು ಮೆಟ್ಟಿಲೂ ಬೇಡ.

ಒಳಗೆ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಇರುತ್ತದೆ. ಜಾಸ್ತಿ ಇದ್ದಾಗ ಮೂಗೇ ಸತ್ತುಹೋಗುತ್ತದೆ, ವಾಸನೆಯೂ ಬರುವುದಿಲ್ಲ. ಮೊದಲು ಇಳಿದವನು ಬಿದ್ದ ಅಂತ ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಹೋಗುತ್ತಾರೆ. ಪೇಪರಿನಲ್ಲಿ ವರ್ಷಕ್ಕೆ ಎಷ್ಟು ಸಲ ಓದುತ್ತೀರಿ. 2013ರ ಕಾಯ್ದೆ (ಮಲ ಹೊರುವ ಪದ್ಧತಿ ನಿಷೇಧದ್ದು) ಇಂಥದ್ದನ್ನು ತಡೆಯಲೆಂದೇ ಇರುವುದು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ದುಡ್ಡಿನ ಮಾತು ಬಿಡಿ, ಆ ಹುಡುಗನ ಅಮ್ಮನ ಮುಂದೆ ಹೋಗಿ ನಿಲ್ಲೋಕೆ ಆಗುತ್ತಾ ನಿಮಗೆ?

ಅಳತೆ ತೆಗೆಯಲು ಇಳಿಯಬೇಕಿಲ್ಲ. ಆಫೀಸಿಗೆ ಒಂದು ಅರ್ಜಿ ಕೊಡಿ, ಎಇ (ಸಹಾಯಕ ಎಂಜಿನಿಯರ್) ಅವರನ್ನೋ ಅವರ ಕಡೆಯವರನ್ನೋ ಜೊತೆಗೆ ಕರೆದುಕೊಳ್ಳಿ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ದೂರ ನಿಲ್ಲಿ. ಹತ್ತಿರ ಯಾರೂ ಬೀಡಿ ಹಚ್ಚಬಾರದು. ಆಮೇಲೆ ಅಲ್ಯೂಮಿನಿಯಂ ಸ್ಟಾಫ್ ಅನ್ನು ಮೇಲಿನಿಂದಲೇ ಇಳಿಬಿಡಿ. ತಳದಲ್ಲಿ ಕೆಸರು ಕೂತಿರುತ್ತದೆ, ಮೆತ್ತಗೆ ತಾಗಿದ ಕೂಡಲೇ ನಿಲ್ಲಿಸಬೇಡಿ. ಕೆಸರು ದಾಟಿ ಟಕ್ ಅನ್ನಬೇಕು.

ಕೆರೆಕೋಡಿ | ಮಂಗಳವಾರ ಬೆಳಗ್ಗೆ

ನಾನು ಎಂಜಿನಿಯರ್ ಅಲ್ಲ, ಹೀಗೆ ಒಪ್ಪಿಗೆ ಸಿಕ್ಕಿದ ಇನ್ನೊಂದು ಲೇಔಟ್‌ನಲ್ಲಿ ಮನೆ ಕಟ್ಟಿಕೊಂಡವಳು. ನಮ್ಮದು ಕೊನೇ ಕ್ರಾಸ್, ಎಲ್ಲರಿಗಿಂತ ತಗ್ಗು. ಗೃಹಪ್ರವೇಶ ಆಗಿ ಎರಡು ವರ್ಷ ಏನೂ ತೊಂದರೆ ಇರಲಿಲ್ಲ, ಯಾಕಂದ್ರೆ ಅಕ್ಕಪಕ್ಕ ಮನೆಗಳೇ ಇರಲಿಲ್ಲ. ಮನೆ ಜಾಸ್ತಿ ಆದ ಹಾಗೆ ಶುರುವಾಯಿತು. ಬೆಳಗ್ಗೆ ಏಳರಿಂದ ಒಂಬತ್ತು, ಎಲ್ಲರೂ ಸ್ನಾನ ಮಾಡುವ ಹೊತ್ತು. ನಮ್ಮ ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಸದ್ದು, ಆಮೇಲೆ ಊರಿನವರ ಸೋಪಿನ ನೊರೆ. ಒಂದು ದಿನ ನೊರೆ ಮಾತ್ರ ಅಲ್ಲ. ಮಾವನವರ ಕೋಣೆ ಅದರ ಪಕ್ಕದಲ್ಲೇ ಇರೋದು.

ಸಕ್ಕಿಂಗ್ ಗಾಡಿ ಬರುತ್ತೆ, ಹೋಗುತ್ತೆ. ಪೈಪೇ ಉಲ್ಟಾ ಇಳಿಜಾರಲ್ಲಿದೆ ಅಂತ ಕೊನೆಗೆ ಗೊತ್ತಾಯಿತು. ಆ ಡ್ರಾಯಿಂಗ್‌ಗೆ ಒಂದೇ ಸಲಕ್ಕೆ ಒಪ್ಪಿಗೆ ಸಿಕ್ಕಿತ್ತಂತೆ. ಹಾಗಾಗಿ ಸೀನ ಅವರೇ, ನಿಮ್ಮ ಫೈಲು ವಾಪಸ್ ಕಳಿಸುತ್ತಿರುವವರ ಮೇಲೆ ನನಗಂತೂ ಸಿಟ್ಟಿಲ್ಲ.

ಸಿವಿಲ್_ಸಹನಾ | ಮಂಗಳವಾರ ಮಧ್ಯಾಹ್ನ

ಎರಡನೇ ಹಿಂಬರಹದ ಬಗ್ಗೆ ಹೇಳುತ್ತೇನೆ. ಇಂತಹ ಡಿಸೈನ್‌ಗೆ ದೇಶದಲ್ಲೆಲ್ಲ ಬಳಸುವುದು ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಕೈಪಿಡಿ, 2013ರದ್ದು. ಲೈನನ್ನು 30 ವರ್ಷ ಮುಂದಿನ ಜನಕ್ಕೆ ಹಾಕಬೇಕು. ಸೈಟಿಗೆ 5 ಜನ ಅನ್ನುವುದು ಒಂದೇ ಮನೆ ಇದ್ದರೆ ಸರಿ. ಆದರೆ 30–40ರಲ್ಲಿ ಈಗ ಯಾರು ಒಂದೇ ಮನೆ ಕಟ್ಟುತ್ತಾರೆ? ಕೆಳಗೆ ಬಾಡಿಗೆ, ಮೇಲೆ ತಾವು, ಇನ್ನೂ ಮೇಲೆ ಬ್ಯಾಚುಲರ್ ಹುಡುಗರು.

ಸೈಟಿಗೆ 10 ಹಿಡಿಯಿರಿ. 2,120 ಜನ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ 80 ಭಾಗ ಚರಂಡಿಗೆ, ಅಂದರೆ 108 ಲೀಟರ್. ಒಟ್ಟು ದಿನಕ್ಕೆ ಸುಮಾರು 2.29 ಲಕ್ಷ ಲೀಟರ್, ಸೆಕೆಂಡಿಗೆ ಸರಾಸರಿ 2.65. ಜನ 20,000ದ ಒಳಗಿದ್ದರೆ ಪೀಕ್ ಫ್ಯಾಕ್ಟರ್ (ಜೋರು ಹರಿವಿನ ಹೊತ್ತಿಗೆ ಸರಾಸರಿಯ ಎಷ್ಟು ಪಟ್ಟು) 3. ಹಾಗಾಗಿ ಸೆಕೆಂಡಿಗೆ ಸುಮಾರು 8 ಲೀಟರ್. ನಿಮ್ಮ 5ರ ಲೆಕ್ಕದಲ್ಲಿ ಇದು ಬರೀ 4 ಆಗಿತ್ತು.

8 ಲೀಟರ್ 200ರ ಪೈಪಿಗೆ ದೊಡ್ಡ ಹೊರೆ ಅಲ್ಲ, ಅರಾಮಾಗಿ ಹಿಡಿಯುತ್ತದೆ. ತಮಾಷೆ ಏನಂದ್ರೆ ಚರಂಡಿಯಲ್ಲಿ ನೀರು ಕಮ್ಮಿ ಇದ್ದರೇ ಕಷ್ಟ. ಸೆಕೆಂಡಿಗೆ 0.6 ಮೀಟರ್ ವೇಗ ಬರದಿದ್ದರೆ ಗಟ್ಟಿ ಪದಾರ್ಥ ಅಲ್ಲೇ ಕೂರುತ್ತದೆ. ಇಳಿಜಾರು ಇಡುವುದೇ ಅದಕ್ಕೆ.

ಇನ್ನೊಂದು ಮಾತು. ನಿಮಗೆ ಸೇರಿಸಲು ಊರಿನ ಲೈನಾದರೂ ಇದೆ, ಅದೃಷ್ಟವಂತರು. ನಾನು ಬೆಂಗಳೂರಿನ ಹೊರಭಾಗದ ಅಪಾರ್ಟ್‌ಮೆಂಟ್‌ಗಳ ಕೆಲಸ ಮಾಡುತ್ತೇನೆ. ಬೆಂಗಳೂರು ಗುಡ್ಡದ ಬೆನ್ನ ಮೇಲೆ ಕೂತ ಊರು. ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಅಂತ ಮೂರು ಕಣಿವೆಗೆ ಕೊಳಚೆ ತಾನಾಗಿಯೇ ಇಳಿಯುತ್ತದೆ. ಆದರೆ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಪೈಪು ಬರಲು ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಎಲ್ಲರದ್ದೂ ಸ್ವಂತ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ), ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇರೆ. ಅದರ ಫೈಲು ಎತ್ತಿದರೆ ನಿಮ್ಮ ಐದು ತಿಂಗಳು ಮರೆತೇ ಹೋಗುತ್ತದೆ.

ಓಹಾಯೋ_ಕನ್ನಡಿಗ | ಮಂಗಳವಾರ ರಾತ್ರಿ

ದಾವಣಗೆರೆಯವನು, ಈಗ ಅಮೆರಿಕದ ಓಹಾಯೋದಲ್ಲಿ ಇದೇ ಪರಿಶೀಲನೆ ಕೆಲಸ. ಇಲ್ಲೂ ವಾಪಸ್ ಕಳಿಸುತ್ತೇವೆ ಸೀನ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಲ್ಲಿ ಹತ್ತು ರಾಜ್ಯಗಳು ಸೇರಿ ಮಾಡಿಕೊಂಡ ಒಂದೇ ಮಾನದಂಡ ಇದೆ. ಕನಿಷ್ಠ ಪೈಪು 8 ಇಂಚು, ಅಂದರೆ ನಿಮ್ಮ 200. ಅದಕ್ಕೆ ಕನಿಷ್ಠ ಇಳಿಜಾರು ನೂರಕ್ಕೆ 0.4, ಅಂದರೆ 250ಕ್ಕೆ 1. ನಮ್ಮ ಭಾರತದ ಕೈಪಿಡಿಯಲ್ಲೂ 200ರ ಪೈಪಿಗೆ ಅದೇ ಅಂಕಿ! ನೀರಿನ ಪೈಪಿಗೂ ಇದಕ್ಕೂ 10 ಅಡಿ ಅಂತರ, ಅಲ್ಲೂ ಹೆಚ್ಚುಕಮ್ಮಿ ಅದೇ 3 ಮೀಟರ್. ಮ್ಯಾನ್‌ಹೋಲ್ ಮಾತ್ರ ಇಲ್ಲಿ 400 ಅಡಿಗೊಂದು ಸಾಕು. ತೊಳೆಯೋ ಗಾಡಿಗಳು ದೊಡ್ಡವು.

ನೀವು 200ಕ್ಕೆ 1 ಯಾಕೆ ಇಟ್ಟಿರಿ? 250ಕ್ಕೆ 1 ಇಟ್ಟರೆ ಒಂದಿಷ್ಟು ಲೆವೆಲ್ ಉಳಿಯುತ್ತಲ್ಲ?

ಸೈಟ್_ಸೀನ | ಗುರುವಾರ ಸಂಜೆ

ನಿನ್ನೆ ಮುಚ್ಚಳ ತೆಗೆದೆವು.

ಎಇ ಅವರೇ ಬಂದಿದ್ದರು. ನಾನು ಅಂದುಕೊಂಡ ಹಾಗೆ ಸಿಡುಕಿನ ಮನುಷ್ಯ ಅಲ್ಲ. ಮುಚ್ಚಳ ಟಾರಿನೊಳಗೆ ಕಚ್ಚಿಕೊಂಡಿತ್ತು. ಹಾರೆ ಹಾಕಿ ಸುತ್ತ ಬಿಡಿಸಿ ಎಬ್ಬಿಸಲು ಅರ್ಧ ಗಂಟೆ. ಎದ್ದ ಕೂಡಲೇ ಜಿರಲೆಗಳು ಒಟ್ಟಿಗೇ ಮೇಲೆ ಬಂದವು. ಪಕ್ಕದ ಟೀ ಅಂಗಡಿಯವರು ಬೆಂಚು ಎತ್ತಿಕೊಂಡು ಒಳಗೆ ಹೋದರು. ಸರ್ ಹೇಳಿದ ಹಾಗೆ ಕಾದು, ಸ್ಟಾಫ್ ಇಳಿಬಿಟ್ಟೆ. ಮೊದಲು ಮೆತ್ತಗೆ. ಆಮೇಲೆ ಒತ್ತಿದರೆ ಟಕ್.

1.95.

ಎರಡು ಸಲ ನೋಡಿದೆ, ಎಇ ಅವರೂ ಒಂದು ಸಲ ಹಿಡಿದು ನೋಡಿದರು. 1.95ಯೇ. ನಕ್ಷೆಯಲ್ಲಿ 2.40. ಅಂದರೆ ನಿಜವಾದ ತಳ 96.65. ನನ್ನ ಪೈಪು ಅಲ್ಲಿಗೆ ಬಂದು ಸೇರುವುದು 96.23ಕ್ಕೆ. ಅವರ ತಳಕ್ಕಿಂತ 42 ಸೆಂಟಿಮೀಟರ್ ಕೆಳಗೆ!

ರಾತ್ರಿ ಊಟ ಸೇರಲಿಲ್ಲ. ಒಪ್ಪಿಗೆ ಸಿಕ್ಕಿಬಿಟ್ಟಿದ್ದರೆ ಕೆರೆಕೋಡಿ ಮೇಡಂ ಮನೆ ಕಥೆಯೇ ಇಲ್ಲೂ ಆಗುತ್ತಿತ್ತು.

ಗುಂಡಿ_ಗೌಡ | ಗುರುವಾರ ರಾತ್ರಿ

ನಲವತ್ತೈದು ಸೆಂಟಿಮೀಟರ್ ಎಲ್ಲಿ ಹೋಯ್ತು ಅಂತ ನಾನು ಹೇಳುತ್ತೇನೆ, ಕೇಳು. ಅಲ್ಲಿ ಬಂಡೆ ಇರಬೇಕು. ಅಗೆಯುವಾಗ ಬಂಡೆ ಸಿಕ್ಕಿದರೆ ಜೆಸಿಬಿ ನಿಲ್ಲುತ್ತದೆ, ಬ್ರೇಕರ್ ತರಿಸಬೇಕು, ಅದಕ್ಕೆ ರೇಟು ಬೇರೆ. "ಸ್ವಲ್ಪ ಎತ್ತಿ ಹಾಕ್ಬಿಡಿ" ಅಂತಾರೆ, ಎತ್ತಿ ಹಾಕ್ತೀವಿ. ನಕ್ಷೆಯನ್ನು ಯಾರೂ ಎತ್ತುವುದಿಲ್ಲ. ಬಿಲ್ಲು ಹಳೇ ಆಳಕ್ಕೇ ಆಗಿರುತ್ತದೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ರಿಟೈರ್ಡ್_ಲೆವೆಲ್ | ಗುರುವಾರ ರಾತ್ರಿ

ಗೌಡರೇ, ನೀವು ಎತ್ತಿದಾಗ ಕಣ್ಣುಮುಚ್ಚಿ ಸಹಿ ಹಾಕಿದವರಲ್ಲಿ ನನ್ನಂಥವರೂ ಇದ್ದಾರೆ. ಇರಲಿ.

ಸೀನ, ಗಾಬರಿ ಬೇಡ. ಪೆನ್ಸಿಲ್ ತಗೊಂಡು ಬಲಗಡೆಯಿಂದ ಶುರು ಮಾಡಿ. ಊರಿನ ಪೈಪು 300, ತಳ 96.65, ಹಾಗಾಗಿ ಅದರ ನೆತ್ತಿ 96.95. ಚಿಕ್ಕ ಪೈಪು ದೊಡ್ಡದಕ್ಕೆ ಸೇರುವಾಗ ತಳಕ್ಕೆ ತಳ ಹೊಂದಿಸಬೇಡಿ, ನೆತ್ತಿಗೆ ನೆತ್ತಿ ಹೊಂದಿಸಿ. ಇಲ್ಲದಿದ್ದರೆ ದೊಡ್ಡ ಪೈಪು ತುಂಬಿದಾಗಲೆಲ್ಲ ನಿಮ್ಮ ಚಿಕ್ಕದಕ್ಕೆ ನೀರು ಒತ್ತುತ್ತದೆ. ನಿಮ್ಮದು 200, ಹಾಗಾಗಿ ನೀವು ಬಂದು ಸೇರಬೇಕಾದ ಇನ್ವರ್ಟ್ 96.75.

ಅಲ್ಲಿಂದ ಹಿಂದಕ್ಕೆ 450 ಮೀಟರ್. ಓಹಾಯೋದವರು ಹೇಳಿದ 250ಕ್ಕೆ 1ರಲ್ಲಿ ಏರಿದರೆ 1.80. ಎಂಎಚ್-1ರ ಇನ್ವರ್ಟ್ 98.55. ನಿಮ್ಮದು 98.48 ಇತ್ತು, ಬರೀ 7 ಸೆಂಟಿಮೀಟರ್ ಎತ್ತಿದರೆ ಸಾಕು. ನೆಲ 99.70 ಇರುವುದರಿಂದ ಆಳ 1.15. ಎಂಎಚ್-15 ಈಗ 96.87. ವೇಗ ನೋಡಿದೆ, 8 ಲೀಟರಿಗೆ 0.6ರ ಮೇಲೆ ಕೂದಲೆಳೆಯಷ್ಟು ನಿಲ್ಲುತ್ತದೆ. ಇನ್ನು ಚಪ್ಪಟೆ ಮಾಡಬೇಡಿ, ಜಾಗವೇ ಇಲ್ಲ.

ಒಂದೇ ಚಿಂತೆ. ಮಧ್ಯದಲ್ಲಿ ಎಲ್ಲಾದರೂ ನೆಲ ತಗ್ಗಿದೆಯಾ?

ಸೈಟ್_ಸೀನ | ಶುಕ್ರವಾರ ಬೆಳಗ್ಗೆ

ಇದೆ ಸರ್. ಪಾರ್ಕ್ ಪಕ್ಕ, ಎಂಎಚ್-12 ಹತ್ತಿರ ನೆಲ 98.30. ಹೊಸ ಇನ್ವರ್ಟ್ ಅಲ್ಲಿ 97.23 ಬರುತ್ತದೆ. ಪೈಪಿನ ಮೇಲೆ ಮಣ್ಣು 87 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ.

ರಿಟೈರ್ಡ್_ಲೆವೆಲ್ | ಶುಕ್ರವಾರ ಬೆಳಗ್ಗೆ

ಒಂದು ಮೀಟರ್ ಇರಬೇಕು, ಮೇಲೆ ಲಾರಿ ಓಡಾಡುತ್ತದೆ. ಎಂಎಚ್-1ರ ಹತ್ತಿರವೂ 95 ಸೆಂಟಿಮೀಟರೇ ಉಳಿಯುವುದು. ಅಲ್ಲೂ, ಎಂಎಚ್-11ರಿಂದ 13ರವರೆಗೂ ಪೈಪಿನ ಸುತ್ತ ಕಾಂಕ್ರೀಟ್ ಹಾಕಿ, ಡ್ರಾಯಿಂಗ್‌ನಲ್ಲಿ ಅಲ್ಲೇ ಬರೆದು ತೋರಿಸಿ. ಕೇಳುವ ಮೊದಲೇ ತೋರಿಸಿದರೆ ಒಂದು ಹಿಂಬರಹ ಉಳಿಯುತ್ತದೆ. ಆ ತಗ್ಗಿನ ಸೈಟುಗಳಿಗೆ ಮನೆಯ ಪಾಯ ಎಷ್ಟು ಎತ್ತರ ಇರಬೇಕು ಅಂತಲೂ ಷರಾ ಹಾಕಿ. ಕೊಳ್ಳುವವರಿಗೆ ಅದು ಗೊತ್ತಿರಬೇಕು.

ಮೊದಲ ಕೆಲವು ವರ್ಷ ಮನೆಗಳು ಕಮ್ಮಿ ಇರುತ್ತವೆ, ಆ ವೇಗ ಬರುವುದಿಲ್ಲ. ಆಗಾಗ ಎಂಎಚ್-1ಕ್ಕೆ ಒಂದು ಟ್ಯಾಂಕರ್ ನೀರು ಬಿಡಬೇಕಾಗುತ್ತದೆ. ನಿಮ್ಮ ಯಜಮಾನರಿಗೆ ಈಗಲೇ ಹೇಳಿಡಿ.

ಕಡಲೂರು | ಶುಕ್ರವಾರ ಮಧ್ಯಾಹ್ನ

ಮಳೆ ನೀರಿನ ವಿಷಯ ಯಾರೂ ಎತ್ತಲೇ ಇಲ್ಲ ಮಾರಾಯ್ರೆ. ನಾನು ಮಂಗಳೂರಿನವ, ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ. ಜೂನ್ ಬಂತೆಂದರೆ ಮ್ಯಾನ್‌ಹೋಲ್ ಮುಚ್ಚಳ ಮೇಲೆ ಏಳುತ್ತದೆ. ಯಾಕೆ? ತಾರಸಿಯ ನೀರಿನ ಪೈಪನ್ನು ಜನ ಸೀದಾ ಯುಜಿಡಿ ಚೇಂಬರಿಗೆ ಕೊಟ್ಟಿರುತ್ತಾರೆ.

ನಿಮ್ಮದೇ ಲೇಔಟ್ ಲೆಕ್ಕ ಹಾಕಿದೆ. 14 ಎಕರೆ ಅಂದರೆ 5.67 ಹೆಕ್ಟೇರ್. ಗಂಟೆಗೆ 60 ಮಿ.ಮೀ. ಮಳೆ, ಅದರಲ್ಲಿ 70 ಭಾಗ ಹರಿದು ಬಂತು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 660 ಲೀಟರ್. ನಿಮ್ಮ ಕೊಳಚೆ ಎಷ್ಟು? 8. ಎಂಬತ್ತು ಪಟ್ಟು! ಮಳೆ ಚರಂಡಿ ಬೇರೆ, ಯುಜಿಡಿ ಬೇರೆ ಅಂತ ನಕ್ಷೆಯಲ್ಲಿ ಎರಡು ಬಣ್ಣದಲ್ಲಿ ತೋರಿಸಿ. ಆ 660 ಯಾವ ಹಳ್ಳಕ್ಕೆ ಹೋಗುತ್ತದೆ ಅಂತಲೂ ತೋರಿಸಿ. ನಾಲ್ಕನೇ ಹಿಂಬರಹ ಅದೇ ಬರುತ್ತದೆ, ಬೇಕಾದರೆ ಬರೆದು ಕೊಡುತ್ತೇನೆ.

ಸೈಟ್_ಸೀನ | ಶುಕ್ರವಾರ ಮಧ್ಯಾಹ್ನ

ಅಯ್ಯೋ, ಮಳೆ ಚರಂಡಿಯನ್ನು ರಸ್ತೆ ಡ್ರಾಯಿಂಗ್‌ನಲ್ಲಿ ಸುಮ್ನೆ ಎರಡು ಗೆರೆ ಎಳೆದು ಬಿಟ್ಟಿದ್ದೆ. ಹಳ್ಳದವರೆಗೆ ಲೆವೆಲ್ ತೆಗೆದೇ ಇಲ್ಲ. ನಾಳೆ ಮತ್ತೆ ಸ್ಟಾಫ್ ಹೊತ್ತುಕೊಂಡು ಹೋಗುತ್ತೇನೆ.

ಗುಂಡಿ_ಗೌಡ | ಶುಕ್ರವಾರ ರಾತ್ರಿ

ಒಂದು ಲಾಭ ನೋಡಿದೆಯಾ? ಕೊನೇ ಕಡೆ ಅಗೆಯೋದು ಅರ್ಧ ಮೀಟರ್ ಕಮ್ಮಿ ಆಯ್ತು. ನಿನ್ನ ಯಜಮಾನರಿಗೆ ಮೊದಲು ಇದನ್ನ ಹೇಳು, ಟ್ಯಾಂಕರ್ ವಿಷಯ ಆಮೇಲೆ.

ಸೈಟ್_ಸೀನ | ಮೂರು ವಾರದ ನಂತರ

ಎಲ್ಲರಿಗೂ ಸಿಹಿ ಸುದ್ದಿ. ಒಪ್ಪಿಗೆ ಬಂತು, ಎರಡು ಷರತ್ತಿನ ಮೇಲೆ. ಒಂದು, ಊರಿನ ಮ್ಯಾನ್‌ಹೋಲ್‌ಗೆ ಸೇರಿಸುವ ದಿನ ಅವರ ಕಡೆಯವರು ಎದುರಿಗಿರಬೇಕು. ಎರಡು, ಕೆಲಸ ಮುಗಿದ ಮೇಲೆ ನಿಜವಾಗಿ ಹಾಕಿದ ಲೆವೆಲ್‌ಗಳ ನಕ್ಷೆ ಕೊಡಬೇಕು. ಕವರ್ ಯಾರೂ ಕೇಳಲಿಲ್ಲ. ಯಜಮಾನರಿಗೆ ಇನ್ನೂ ನಂಬಿಕೆ ಬಂದಿಲ್ಲ, "ನೀನೇ ಕೈಯಿಂದ ಕೊಟ್ಟೆಯೇನೋ" ಅನ್ನುತ್ತಿದ್ದಾರೆ.

ಕಡಲೂರು ಸರ್, ಹಳ್ಳದ ಲೆವೆಲ್ ಕೇಳಿಯೇ ಕೇಳಿದರು. ತೋರಿಸಿದೆ.

ಕೆರೆಕೋಡಿ | ಮೂರು ವಾರದ ನಂತರ

ಖುಷಿಯಾಯಿತು. ಹಳೇ ನಕ್ಷೆಯಲ್ಲಿ ಆ 2.40 ಇನ್ನೂ ಹಾಗೇ ಇದೆಯಾ? ಮುಂದಿನ ಲೇಔಟಿನವರು ಅದನ್ನೇ ನೋಡಿ ಲೆಕ್ಕ ಹಾಕುವುದಿಲ್ವಾ?

ಸೈಟ್_ಸೀನ | ಮೂರು ವಾರದ ನಂತರ

ಅದನ್ನೇ ನಾನೂ ಎಇ ಅವರಿಗೆ ಕೇಳಿದೆ ಮೇಡಂ. ಅವರು ಬೀರುವಿನಿಂದ ಆ ಹಳೇ ನಕ್ಷೆ ಹೊರಗೆ ತೆಗೆದರು. ಮಡಿಕೆಯಲ್ಲಿ ಹರಿದಿತ್ತು, ಟೇಪ್ ಅಂಟಿಸಿದ್ದರು. 2.40ರ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ 1.95 ಅಂತ ಬರೆದು ತಾರೀಖು ಹಾಕಿದರು. ಆಮೇಲೆ ಅದೇ ಸಾಲಿನ ಮುಂದಿನ ಮ್ಯಾನ್‌ಹೋಲ್ ಮೇಲೆ ಪೆನ್ನು ಇಟ್ಟು, "ಇದು ಎಷ್ಟಿದೆಯೋ" ಅಂದರು. ಬುಧವಾರ ಸ್ಟಾಫ್ ತಗೊಂಡು ಬಾ ಅಂದಿದ್ದಾರೆ.